ಜೋಡಿ ಗಾಜಿನ ನಡುವೆ ಕಟ್ಟಿದ ಮಂಜು: ಸುರತ್ಕಲ್ಲಿನ ಮನೆಯೊಂದರ ಕಿಟಕಿ ರಿಪೇರಿಯ ದಾಖಲೆ

ನಮ್ಮ ಮನೆ ಸುರತ್ಕಲ್ಲಿನಲ್ಲಿದೆ. ಪಡುವಣಕ್ಕೆ ಸುಮಾರು 600 ಮೀಟರ್ ನಡೆದರೆ ಕಡಲು, ಮೂಡಣಕ್ಕೆ ಅದಕ್ಕಿಂತಲೂ ಹತ್ತಿರದಲ್ಲಿ ರಾಷ್ಟ್ರೀಯ ಹೆದ್ದಾರಿ 66. 2017ರಲ್ಲಿ ಮನೆ ಕಟ್ಟಿಸುವಾಗ, ರಾತ್ರಿಯಿಡೀ ಓಡುವ ಲಾರಿಗಳ ಸದ್ದು ಒಳಗೆ ಬರಬಾರದು, ಏಸಿಯ ತಂಪು ಹೊರಗೆ ಹೋಗಬಾರದು ಎಂದು ಯುಪಿವಿಸಿ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಚೌಕಟ್ಟಿರುವ ಜೋಡಿ ಗಾಜಿನ ಕಿಟಕಿಗಳನ್ನು ಹಾಕಿಸಿದೆವು. ಸದ್ದಿನ ಮಟ್ಟಿಗೆ ಅವು ಕೊಟ್ಟ ನೆಮ್ಮದಿಗೆ ಇಂದಿಗೂ ಕೊರತೆಯಿಲ್ಲ. ಆದರೆ ಪಡುಬದಿಯ ಮಲಗುವ ಕೋಣೆಯ ಕಿಟಕಿಯ ಎರಡೂ ಪಡಿಗಳಲ್ಲಿ, ಗಾಜುಗಳ ನಡುವೆ, 2021ರಲ್ಲಿ ಮಂಜು ಕಟ್ಟಿತು. 2022ರ ಫೆಬ್ರವರಿಯಲ್ಲಿ ಕೂಲಿ ಸೇರಿ 9,400 ರೂಪಾಯಿ ಕೊಟ್ಟು ಎರಡನ್ನೂ ಬದಲಾಯಿಸಿದೆ. 2024ರ ಆಗಸ್ಟಿನಲ್ಲಿ ಹೊಸ ಗಾಜಿನಲ್ಲೂ ಅದೇ ಮಂಜು ಕಾಣಿಸಿತು. ಎರಡೂವರೆ ವರ್ಷಕ್ಕೊಮ್ಮೆ ಗಾಜು ಹಾಳಾಗುವುದಾದರೆ ಅದು ಕೂತ ಜಾಗದಲ್ಲೇ ಏನೋ ತಪ್ಪಿರಬೇಕು ಎಂಬ ಸಂಶಯ ಹುಟ್ಟಿ, ಈ ಬಾರಿ ಬೇರೆಯವರ ಕೈಗೆ ಕೊಡದೆ ನಾನೇ ಬಿಚ್ಚಿ ನೋಡಲು ನಿಶ್ಚಯಿಸಿದೆ. ಅಂದಂದಿಗೆ ನೋಟ್ ಪುಸ್ತಕದಲ್ಲಿ ಬರೆದಿಟ್ಟದ್ದನ್ನು ಕ್ರಮವಾಗಿ ಇಲ್ಲಿ ಕೊಟ್ಟಿದ್ದೇನೆ.

6 ಅಕ್ಟೋಬರ್ 2024, ಭಾನುವಾರ: ತಪಾಸಣೆ

ಮೊದಲು ತೇವ ಯಾವ ಮೇಲ್ಮೈಯಲ್ಲಿದೆ ಎಂದು ಖಚಿತಪಡಿಸಿಕೊಂಡೆ. ಒಣ ಹತ್ತಿ ಬಟ್ಟೆಯಿಂದ ಗಾಜಿನ ಒಳಮೈ ಒರೆಸಿದೆ, ಹೋಗಲಿಲ್ಲ. ಹೊರಮೈ ಒರೆಸಿದೆ, ಹೋಗಲಿಲ್ಲ. ಅಂದರೆ ತೇವ ಎರಡು ಗಾಜುಗಳ ನಡುವೆಯೇ ಇದೆ. ಈ ಪರೀಕ್ಷೆ ತೀರಾ ಸರಳವಾದರೂ ಅದನ್ನು ಬಿಡಬಾರದು. ಚಳಿ ದೇಶಗಳಲ್ಲಿ ಕಿಟಕಿಯ ಒಳಮೈ ಒದ್ದೆಯಾಗುತ್ತದೆ. ನಮ್ಮ ಕರಾವಳಿಯಲ್ಲಿ ಏಸಿ ಹಾಕಿದ ಕೋಣೆಯ ಗಾಜಿನ ಹೊರಮೈ ಒದ್ದೆಯಾಗುತ್ತದೆ. ಹೊರಗೆ 31 ಡಿಗ್ರಿ ಸೆಖೆಯೂ 85 ಶೇಕಡಾ ತೇವಾಂಶವೂ ಇರುವ ರಾತ್ರಿಯಲ್ಲಿ, ಸುಮಾರು 28 ಡಿಗ್ರಿಗಿಂತ ತಣ್ಣಗಿರುವ ಯಾವ ವಸ್ತುವಿನ ಮೇಲೂ ಹನಿ ಕೂರುತ್ತದೆ. ಮಕ್ಕಳ ಕೋಣೆಯ ಕಿಟಕಿಯ ಹೊರಮೈಯಲ್ಲಿ ಬೆಳಗಿನ ಹೊತ್ತು ಕಾಣುತ್ತಿದ್ದ ಮಬ್ಬು ಇಂಥದ್ದೇ ಆಗಿತ್ತು. ಏಸಿಯ ಗಾಳಿ ನೇರವಾಗಿ ಗಾಜಿಗೆ ಬೀಳದಂತೆ ರೆಕ್ಕೆ ತಿರುಗಿಸಿದ ಮೇಲೆ ಅದು ನಿಂತಿತು. ಅದು ದೋಷವಲ್ಲ, ಅದಕ್ಕೆ ರಿಪೇರಿಯೂ ಬೇಡ.

ಪಡುಬದಿಯ ಕಿಟಕಿಯ ಮಂಜು ಹಾಗಲ್ಲ. ಅದು ಕೆಳಗಿನ ಎರಡು ಮೂಲೆಗಳಿಂದ ಹೊರಟು ನಡುವೆ ಸೇರಿ, ಬೆಳಗ್ಗೆ ಒಂಬತ್ತರ ಹೊತ್ತಿಗೆ ಗಾಜಿನ ಕಾಲುಭಾಗವನ್ನು ಮುಚ್ಚುತ್ತಿತ್ತು. ಮಧ್ಯಾಹ್ನದ ಬಿಸಿಲು ನೇರ ಬಿದ್ದಾಗ ಮಾಯವಾಗಿ, ಹನಿ ಇಳಿದ ಜಾಗದಲ್ಲಿ ಸುಣ್ಣದ ಗೆರೆಯಂಥ ಬಿಳಿ ಕಲೆಗಳನ್ನು ಉಳಿಸುತ್ತಿತ್ತು. ಕೆಳಗಿನಿಂದಲೇ ಶುರುವಾಗುತ್ತದೆ ಎಂಬುದನ್ನು ಅಂದು ಬರೆದುಕೊಂಡೆನೇ ಹೊರತು ಅದರ ಅರ್ಥ ಆಗ ಹೊಳೆಯಲಿಲ್ಲ.

ಅದೇ ದಿನ ಉಳಿದ ಕಿಟಕಿಗಳನ್ನೂ ನೋಡಿದೆ. ಚಾವಡಿಯ ಜಾರು ಕಿಟಕಿ ತಳ್ಳಲು ಬಿಗಿ, ಜೋರು ಮಳೆಗೆ ಅದರ ಹಳಿಯಿಂದ ನೀರು ಒಳಗೆ ಚೆಲ್ಲುತ್ತದೆ. ಮಂಜು ಕಟ್ಟಿದ ಕಿಟಕಿಯ ಎರಡೂ ಪಡಿಗಳು ಮುಚ್ಚುವಾಗ ಕೆಳಗೆ ಉಜ್ಜುತ್ತವೆ, ಹಿಡಿಕೆ ತಿರುಗಿಸಲು ಪಡಿಯನ್ನು ಎತ್ತಿ ಹಿಡಿಯಬೇಕು. ಸ್ನಾನದ ಮನೆಯ ಎರಡು ಚಿಕ್ಕ ಗಾಜುಗಳಲ್ಲಿ ಮಂಜು ಈಗಷ್ಟೇ ಶುರುವಾಗಿದೆ.

13 ಅಕ್ಟೋಬರ್, ಭಾನುವಾರ: ಬಿಚ್ಚಿದ್ದು

ಉಪಕರಣಗಳು: ಒಂದೂವರೆ ಇಂಚಿನ ಪುಟ್ಟಿ ಪಟ್ಟಿ, ರಬ್ಬರ್ ಸುತ್ತಿಗೆ, ಗಾಜು ಹಿಡಿಯುವ ಎರಡು ಹೀರುಬಟ್ಟಲು, ದಪ್ಪ ಕೈಗವಸು, ಬಣ್ಣದ ಟೇಪು. ಗಾಜಿನ ತೂಕವನ್ನು ಮೊದಲೇ ಲೆಕ್ಕ ಹಾಕಿಕೊಂಡಿದ್ದೆ. ಒಂದು ಚದರ ಮೀಟರ್ ಗಾಜು ಪ್ರತಿ ಮಿಲಿಮೀಟರ್ ದಪ್ಪಕ್ಕೆ ಎರಡೂವರೆ ಕಿಲೋ ತೂಗುತ್ತದೆ. ನಮ್ಮದು 5 ಮಿ.ಮೀ.ನ ಎರಡು ಗಾಜು, ನಡುವೆ 12 ಮಿ.ಮೀ. ಜಾಗ, ಅಗಲ 59 ಸೆಂ.ಮೀ., ಎತ್ತರ 119 ಸೆಂ.ಮೀ.; ತೂಕ ಹದಿನೆಂಟು ಕಿಲೋದಷ್ಟು. ಮೊದಲ ಮಹಡಿಯಲ್ಲಿ ಒಬ್ಬರೇ ಮಾಡುವ ಕೆಲಸ ಇದಲ್ಲ. ಗಾಜಿನ ಕೆಲಸ ಬಲ್ಲ ಒಬ್ಬರನ್ನು ಜೊತೆಗೆ ಕರೆದುಕೊಂಡೆ.

ಗಾಜನ್ನು ಒತ್ತಿ ಹಿಡಿಯುವ ಬೀಡಿಂಗ್ ಪಟ್ಟಿಗಳು ಒಳಬದಿಯಲ್ಲಿವೆ. ಅತಿ ಉದ್ದದ ಪಟ್ಟಿಯ ನಡುಭಾಗದಲ್ಲಿ ಪುಟ್ಟಿ ಪಟ್ಟಿಯನ್ನು ತೂರಿಸಿ, ಮೆಲ್ಲನೆ ಬಡಿದು, ಬೀಡಿಂಗ್ ಬಿಲ್ಲಿನಂತೆ ಬಾಗಿದ ಮೇಲೆ ಕೈಯಿಂದ ಎಳೆದು ತೆಗೆಯಬೇಕು. ನಾನು ಎಡ ಪಡಿಯಲ್ಲಿ ಮೂಲೆಯಿಂದ ಶುರುಮಾಡಿದೆ. 45 ಡಿಗ್ರಿಗೆ ಕತ್ತರಿಸಿದ ತುದಿ ಚಟ್ ಎಂದು ಒಡೆಯಿತು. ಏಳು ವರ್ಷ ಬಿಸಿಲು ತಿಂದ ಪಟ್ಟಿ ಅಷ್ಟು ಬಿರುಸಾಗಿರುತ್ತದೆ ಎಂದು ಅಂದಾಜಿರಲಿಲ್ಲ. ಅದೇ ಅಚ್ಚಿನ ಪಟ್ಟಿ ಪೇಟೆಯ ಯಾವ ಅಂಗಡಿಯಲ್ಲೂ ಸಿಗದೆ, ಕೊನೆಗೆ ಒಬ್ಬ ಕಿಟಕಿ ತಯಾರಕರ ಗೋದಾಮಿನ ತುಂಡುಗಳಲ್ಲಿ ಹುಡುಕಿ ತರುವುದಕ್ಕೆ ಹನ್ನೊಂದು ದಿನ ಬೇಕಾಯಿತು. ಬಲ ಪಡಿಯಲ್ಲಿ ನಡುವಿನಿಂದ ಶುರುಮಾಡಿ ನಾಲ್ಕೂ ಪಟ್ಟಿಗಳನ್ನು ಇಡಿಯಾಗಿ ತೆಗೆದೆ. ಯಾವ ಪಟ್ಟಿ ಯಾವ ಬದಿಯದು ಎಂದು ಟೇಪಿನ ಮೇಲೆ ಬರೆದು ಅಂಟಿಸಿದೆ.

ಗಾಜನ್ನು ಮೇಲಿನಿಂದ ಒಳಕ್ಕೆ ವಾಲಿಸಿ ಎತ್ತಿದಾಗ ಅದರ ಬುಡದಿಂದ ನೀರು ಸುರಿಯಿತು. ಹದಿನೈದು ದಿನಗಳಿಂದ ದೊಡ್ಡ ಮಳೆ ಇರಲಿಲ್ಲ. ಆದರೂ ಪಡಿಯ ತಳದ ಕಾಲುವೆಯಲ್ಲಿ 8 ಮಿ.ಮೀ. ಎತ್ತರಕ್ಕೆ ಚಹಾ ಬಣ್ಣದ ನೀರು ನಿಂತಿತ್ತು. ಅದರಲ್ಲಿ ಕೆಂಪು ಮಣ್ಣಿನ ರಾಡಿ, ಇರುವೆಗಳ ರೆಕ್ಕೆ, ಹಸಿರು ಪಾಚಿ. ಗಾಜಿನ ಕೆಳಗೆ ಇರಲೇಬೇಕಾದ ಪ್ಲಾಸ್ಟಿಕ್ ಬಿಲ್ಲೆಗಳು ಒಂದೂ ಇರಲಿಲ್ಲ. ಹದಿನೆಂಟು ಕಿಲೋ ತೂಕದ ಗಾಜು ನೇರವಾಗಿ ತಳದ ಮೇಲೆ, ನೀರಿನೊಳಗೆ, ಮೂರು ಮಳೆಗಾಲ ನಿಂತಿತ್ತು.

ಗಾಜಿನ ಅಂಚನ್ನು ಬೆಳಕಿಗೆ ಹಿಡಿದು ನೋಡಿದೆ. ಎರಡು ಗಾಜುಗಳ ನಡುವೆ ಸುತ್ತಲೂ ಅಲ್ಯೂಮಿನಿಯಂ ಕೊಳವೆ, ಅದರ ಹೊಟ್ಟೆಯಲ್ಲಿ ತೇವ ಹೀರುವ ಕಾಳುಗಳು. ಕೊಳವೆಗೂ ಗಾಜಿಗೂ ನಡುವೆ ಕಪ್ಪು ಬ್ಯುಟೈಲ್ ಅಂಟಿನ ತೆಳು ಗೆರೆ. ಅದರ ಹೊರಗೆ ಪಾಲಿಸಲ್ಫೈಡ್ ಎಂಬ ರಬ್ಬರಿನಂಥ ಅಂಟಿನ ದಪ್ಪ ಪಟ್ಟಿ. ಆವಿಯನ್ನು ನಿಜವಾಗಿ ತಡೆಯುವುದು ಆ ಬ್ಯುಟೈಲ್ ಗೆರೆ. ಮೇಲಿನ ಅಂಚಿನಲ್ಲಿ ಪಾಲಿಸಲ್ಫೈಡ್ ಗಟ್ಟಿ ರಬ್ಬರಿನಂತಿತ್ತು. ಕೆಳಗಿನ ಅಂಚಿನಲ್ಲಿ ಉಗುರು ಒತ್ತಿದರೆ ಒಳಗೆ ಹೋಗುತ್ತಿತ್ತು, ಗಾಜಿನಿಂದ ಸಿಪ್ಪೆಯಂತೆ ಸುಲಿದು ಬರುತ್ತಿತ್ತು. ಮಂಜು ಯಾಕೆ ಕೆಳಗಿನಿಂದಲೇ ಶುರುವಾಗುತ್ತಿತ್ತು ಎಂಬುದು ಆಗ ಅರ್ಥವಾಯಿತು.

14 ರಿಂದ 18 ಅಕ್ಟೋಬರ್: ನೀರು ಹೋಗುವ ದಾರಿ

ಈ ಐದು ಸಂಜೆಗಳ ಕೆಲಸವನ್ನೇ ಇಡೀ ರಿಪೇರಿಯ ಮುಖ್ಯ ಭಾಗವೆಂದು ನಾನು ತಿಳಿಯುತ್ತೇನೆ.

ಕಿಟಕಿಯ ಹೊರ ರಬ್ಬರನ್ನು ದಾಟಿ ಸ್ವಲ್ಪ ನೀರು ಚೌಕಟ್ಟಿನೊಳಗೆ ಬಂದೇ ಬರುತ್ತದೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ, ಅದರ ಬಹುಪಾಲು ಪಡುಗಾಳಿಯೊಂದಿಗೆ ಗೋಡೆಗೆ ಬಡಿಯುವ ನಮ್ಮ ಊರಿನಲ್ಲಿ ಅದನ್ನು ಪೂರ್ತಿ ತಡೆಯುವುದು ಸಾಧ್ಯವಿಲ್ಲ. ಆದ್ದರಿಂದಲೇ ಪಡಿಯ ತಳದಲ್ಲಿ ಎರಡು ಸೀಳುಗಳನ್ನೂ, ಅದರ ಕೆಳಗಿನ ಚೌಕಟ್ಟಿನಲ್ಲಿ ಹೊರಕ್ಕೆ ತೆರೆಯುವ ಎರಡು ಸೀಳುಗಳನ್ನೂ ಕೊರೆದಿರುತ್ತಾರೆ. ನಮ್ಮವು 5 ಮಿ.ಮೀ. ಎತ್ತರ, 25 ಮಿ.ಮೀ. ಉದ್ದ. ಒಳಗಿನ ಸೀಳೂ ಹೊರಗಿನ ಸೀಳೂ ನೇರಕ್ಕೆ ಇರದೆ ಸುಮಾರು 60 ಮಿ.ಮೀ. ಆಚೀಚೆ ಇರುತ್ತವೆ, ಗಾಳಿ ನೇರ ನುಗ್ಗಬಾರದೆಂದು.

ಹೊರಗೆ ಏಣಿ ಇಟ್ಟು ನೋಡಿದೆ. ಒಂದು ಸೀಳಿನ ಮೇಲೆ ಪುಟ್ಟಿಯೂ ಬಣ್ಣವೂ ಕೂತಿತ್ತು. 2019ರಲ್ಲಿ ಹೊರಗೋಡೆಗೆ ಬಣ್ಣ ಬಳಿಸಿದಾಗ ಆದದ್ದು. ಇನ್ನೊಂದರ ಬಾಯಿಗೆ ಪಾರದರ್ಶಕ ಸಿಲಿಕಾನ್ ತುಂಬಿತ್ತು. ಅದನ್ನು ತುಂಬಿದವನು ನಾನೇ. 2022ರ ಜುಲೈಯಲ್ಲಿ, ಹೊಸ ಗಾಜು ಹಾಕಿಸಿ ಐದು ತಿಂಗಳಾಗಿದ್ದಾಗ, ಬಿರುಮಳೆಯ ಒಂದು ರಾತ್ರಿ ಆ ಸೀಳಿನಿಂದ ನೀರು ಬುಳುಬುಳು ಎಂದು ಒಳಕ್ಕೆ ಉಕ್ಕುವುದನ್ನು ಕಣ್ಣಾರೆ ಕಂಡು, ನೀರು ಬರುವ ತೂತು ಇದೇ ಎಂದು ತೀರ್ಮಾನಿಸಿ, ಮರುದಿನ ಅದನ್ನು ಮುಚ್ಚಿಬಿಟ್ಟಿದ್ದೆ. ಉಕ್ಕುವುದು ನಿಂತಿತು. ಆದರೆ ಆ ದಿನದಿಂದ ಒಳಗೆ ಬಂದ ಪ್ರತಿ ಹನಿಯೂ ಗಾಜಿನ ಬುಡದಲ್ಲೇ ಉಳಿಯಿತು. ಇಡೀ ದಾಖಲೆಯಲ್ಲಿ ನನ್ನ ಅತಿ ದೊಡ್ಡ ತಪ್ಪು ಇದು. ಎರಡನೆಯ ಜೋಡಿ ಗಾಜು ಹಾಳಾದದ್ದು ಇದರಿಂದಲೇ.

ನಾನು ಬಳಸಿದ್ದ ಸಿಲಿಕಾನೂ ತಪ್ಪು ಜಾತಿಯದು. ಹಚ್ಚುವಾಗ ವಿನೆಗರಿನಂತೆ ಹುಳಿ ವಾಸನೆ ಬರುವ ಬಗೆ ಗಾಜಿನ ಅಂಚಿನ ಪಾಲಿಸಲ್ಫೈಡಿಗೆ ಹೊಂದುವುದಿಲ್ಲ, ಚೌಕಟ್ಟಿನೊಳಗಿನ ಸತುಲೇಪಿತ ಕಬ್ಬಿಣವನ್ನೂ ತಿನ್ನುತ್ತದೆ. ಕಿಟಕಿಗೆ ನ್ಯೂಟ್ರಲ್ ಎಂದು ಬರೆದಿರುವ ಸಿಲಿಕಾನನ್ನೇ ತರಬೇಕು.

ಸೀಳುಗಳನ್ನು ಬಿಡಿಸಲು ಮೊದಲು ಡ್ರಿಲ್ ಹಿಡಿದೆ. ಕಂಪನಕ್ಕೆ ಸೀಳಿನ ತುಟಿ ಬಿರುಕು ಬಿಡುವಂತೆ ಕಂಡು ನಿಲ್ಲಿಸಿದೆ. ಹಳೆಯ ಸೈಕಲ್ ಚಕ್ರದ ಕಡ್ಡಿಯೊಂದರ ತುದಿಯನ್ನು ಚಪ್ಪಟೆಯಾಗಿ ಬಡಿದು, ಕೊಕ್ಕೆಯಾಗಿ ಬಾಗಿಸಿಕೊಂಡೆ. ಅದರಿಂದ ಸಿಲಿಕಾನ್ ಎಳೆಯೆಳೆಯಾಗಿ ಬಂತು. ಒಳಗಿನ ರಾಡಿಗೆ ತೆಂಗಿನ ಗರಿಯ ಕಡ್ಡಿಗಿಂತ ಒಳ್ಳೆಯ ಸಾಧನ ಸಿಗಲಿಲ್ಲ: ಬಾಗುತ್ತದೆ, ಮುರಿಯುವುದಿಲ್ಲ, ಪ್ಲಾಸ್ಟಿಕ್ಕಿಗೆ ಗೀರು ಬೀಳಿಸುವುದಿಲ್ಲ. ಸ್ವಚ್ಛ ಮಾಡುವ ಮೊದಲು ಕಾಲುವೆಗೆ 250 ಮಿ.ಲೀ. ನೀರು ಹೊಯ್ದಿದ್ದೆ, ಹತ್ತು ನಿಮಿಷಕ್ಕೂ ಒಂದು ಹನಿ ಹೊರಗೆ ಬಿದ್ದಿರಲಿಲ್ಲ. ಸ್ವಚ್ಛ ಮಾಡಿದ ಮೇಲೆ ಅಷ್ಟೇ ನೀರು 40 ಸೆಕೆಂಡಿನಲ್ಲಿ ಇಳಿದುಹೋಯಿತು.

ಹಾಗಾದರೆ 2022ರಲ್ಲಿ ನೀರು ಉಕ್ಕಿದ್ದು ಯಾಕೆ? ಇದಕ್ಕೆ ಉತ್ತರ ಸಿಗದೆ ಮುಂದಿನ ಹೆಜ್ಜೆ ಇಡಲು ಮನಸ್ಸು ಒಪ್ಪಲಿಲ್ಲ. 17ರ ಸಂಜೆ ಮನೆಯ ಎಲ್ಲ ಕಿಟಕಿ ಬಾಗಿಲುಗಳನ್ನು ಮುಚ್ಚಿ, ಚೌಕಟ್ಟಿನ ಕಾಲುವೆಗೆ ನೀರು ತುಂಬಿಸುತ್ತಾ ಅದು ಸರಾಗ ಇಳಿಯುವುದನ್ನು ನೋಡುತ್ತಿದ್ದಾಗ, ಅಡುಗೆಮನೆಯ ಚಿಮಣಿಯನ್ನು ಪೂರ್ತಿ ವೇಗದಲ್ಲಿ ಹಾಕಲು ಹೇಳಿದೆ. ಕೂಡಲೇ ನೀರು ಇಳಿಯುವುದು ನಿಂತು, ಸೀಳಿನ ಬಾಯಲ್ಲಿ ಗುಳ್ಳೆಗಳು ಒಂದರ ಹಿಂದೆ ಒಂದು ಏಳತೊಡಗಿದವು. ಚಿಮಣಿ ಆರಿಸಿದೊಡನೆ ನೀರು ಮತ್ತೆ ಇಳಿಯಿತು. ಮನೆಯೊಳಗಿನ ಎಳೆತವೋ ಹೊರಗಿನ ಗಾಳಿಯ ಒತ್ತಡವೋ, ಎರಡರ ಪರಿಣಾಮವೂ ಒಂದೇ. ಗಂಟೆಗೆ 50 ಕಿ.ಮೀ. ವೇಗದ ಗಾಳಿ ಎದುರಿನಿಂದ ಬಡಿದರೆ ಅದರ ಒತ್ತಡ ಹನ್ನೊಂದು ಹನ್ನೆರಡು ಮಿಲಿಮೀಟರ್ ಎತ್ತರದ ನೀರನ್ನು ಹಿಡಿದು ನಿಲ್ಲಿಸಬಲ್ಲದು. ಒಳಬದಿಯ ರಬ್ಬರ್ ಗ್ಯಾಸ್ಕೆಟ್ ಗಾಳಿಯನ್ನು ಬಿಗಿಯಾಗಿ ತಡೆದರೆ ಕಾಲುವೆಯೊಳಗೂ ಹೊರಗಿನಷ್ಟೇ ಒತ್ತಡ ಏರಿ, ನೀರು ತನ್ನ ಭಾರಕ್ಕೆ ಇಳಿಯುತ್ತದೆ. ಆ ರಬ್ಬರ್ ಸೋರಿದರೆ ಗಾಳಿ ಸೀಳಿನಿಂದ ಒಳನುಗ್ಗಿ ನೀರನ್ನೂ ಹೊತ್ತು ತರುತ್ತದೆ. ನಮ್ಮ ಒಳ ರಬ್ಬರನ್ನು ಅಳೆದರೆ, ಕುಗ್ಗಿ ಪ್ರತಿ ಮೂಲೆಯಲ್ಲೂ 6 ರಿಂದ 9 ಮಿ.ಮೀ. ಸಂದು ಬಿಟ್ಟಿತ್ತು. 2022ರಲ್ಲಿ ಬದಲಾಯಿಸಬೇಕಿದ್ದದ್ದು 240 ರೂಪಾಯಿಯ ಆ ರಬ್ಬರನ್ನು. ನಾನು ಸೀಳನ್ನು ಮುಚ್ಚಿದೆ.

ಬಿಸಿಲು ಮಳೆ ತಡೆಯುವ ಇಪಿಡಿಎಂ ಎಂಬ ರಬ್ಬರಿನ ಗ್ಯಾಸ್ಕೆಟ್ ಎಂಟು ಮೀಟರ್ ತಂದು ಎರಡೂ ಪಡಿಗಳ ಸುತ್ತ ಹೊಸದಾಗಿ ಕೂರಿಸಿದೆ. ಎಳೆದು ಹಾಕಬಾರದು, ಎಳೆದ ರಬ್ಬರ್ ತಿಂಗಳಲ್ಲಿ ಹಿಂದಕ್ಕೆ ಕುಗ್ಗಿ ಮೂಲೆಯಲ್ಲಿ ಬಾಯಿ ಬಿಡುತ್ತದೆ. ಪ್ರತಿ ಬದಿಗೂ ಸುಮಾರು ಶೇಕಡಾ ಒಂದರಷ್ಟು ಹೆಚ್ಚು ಉದ್ದ ಬಿಟ್ಟು ಒತ್ತುತ್ತಾ ಹೋದೆ. ಜೋಡಣೆಯನ್ನು ಮೇಲ್ಬದಿಯ ನಡುವೆ ಇಟ್ಟೆ. ಹೊರ ಸೀಳುಗಳಿಗೆ ಒಳಗೆ ನಾಲಗೆಯಿರುವ ಮುಚ್ಚಳ ಹಾಕಿದೆ.

20 ಅಕ್ಟೋಬರ್ ರಿಂದ 8 ನವೆಂಬರ್: ಹಳೆ ಗಾಜನ್ನು ಒಣಗಿಸುವ ಪ್ರಯತ್ನ, ಸೋಲು

ಗಾಜಿಗೆ ಚಿಕ್ಕ ತೂತು ಕೊರೆದು ತೇವ ಹೊರತೆಗೆಯುವ ಉಪಾಯವನ್ನು ಒಬ್ಬರು ಹೇಳಿದ್ದರು. ನಮ್ಮ ಗಾಜಿನ ಮೂಲೆಯಲ್ಲಿ ಅದು ಟಫನ್ ಮಾಡಿದ, ಎಂದರೆ ಕಾಯಿಸಿ ಗಟ್ಟಿಗೊಳಿಸಿದ ಗಾಜು ಎಂಬ ಮುದ್ರೆ ಇತ್ತು. ಅಂಥ ಗಾಜಿಗೆ ಡ್ರಿಲ್ ಮುಟ್ಟಿಸಿದರೆ ಇಡೀ ಗಾಜು ಹರಳು ಹರಳಾಗಿ ಉದುರುತ್ತದೆ. ಹಾಗಾಗಿ ಬೇರೆ ದಾರಿ ಹಿಡಿದೆ. ಎಡ ಪಡಿಯ ಗಾಜಿನ ಮೇಲಿನ ಅಂಚಿನಲ್ಲಿ ಎರಡು ಕಡೆ ಪಾಲಿಸಲ್ಫೈಡನ್ನು ಕತ್ತರಿಸಿ, ಕೊಳವೆಗೆ ತೂತು ಮಾಡಿ, ಒಂದು ಬದಿಯಿಂದ ಹೇರ್ ಡ್ರೈಯರಿನ ಬಿಸಿಗಾಳಿಯನ್ನು ಮೂರು ಗಂಟೆ ಹಾಯಿಸಿದೆ. ಗಾಜು ತಿಳಿಯಾಯಿತು. ಒಣ ಸಿಲಿಕಾ ಜೆಲ್ ಕಾಳುಗಳನ್ನು ತುಂಬಿ, ನ್ಯೂಟ್ರಲ್ ಸಿಲಿಕಾನಿನಿಂದ ಬಿಗಿದು, ಪಡಿಯಲ್ಲಿ ಮತ್ತೆ ಕೂರಿಸಿದೆ. ಹತ್ತೊಂಬತ್ತನೆಯ ದಿನ ಬೆಳಗ್ಗೆ ಮಂಜು ಮತ್ತೆ ಬಂತು, ಈ ಬಾರಿ ಮೇಲಿನಿಂದ. ಸಿಲಿಕಾನ್ ನೀರನ್ನು ತಡೆಯುತ್ತದೆ, ಆವಿಯನ್ನು ತಡೆಯುವುದಿಲ್ಲ. ನಮ್ಮ ಊರಿನ ಗಾಳಿಯಲ್ಲಿ ಆವಿಗೆ ಬರವಿಲ್ಲ. ಹಳೆಯ ಬಿಳಿ ಕಲೆಗಳಂತೂ ಗಾಜಿನ ಮೈಗೇ ಹತ್ತಿದ್ದು, ಒಣಗಿದ ಮೇಲೂ ಹಾಗೆಯೇ ಉಳಿದಿದ್ದವು. ಮೂರು ವಾರ ಮತ್ತು ಒಂದು ಟ್ಯೂಬ್ ಸಿಲಿಕಾನ್ ಹೋಯಿತು. ಈ ದಾರಿಯನ್ನು ನಾನು ಯಾರಿಗೂ ಹೇಳಲಾರೆ.

10 ನವೆಂಬರ್, ಭಾನುವಾರ: ಅಳತೆ, ಆರ್ಡರ್

ಗಾಜು ತೆಗೆದ ಪಡಿಯ ಒಳ ಅಳತೆ ತೆಗೆದೆ. ಅಗಲವನ್ನು ಮೇಲೆ, ನಡುವೆ, ಕೆಳಗೆ ಮೂರು ಕಡೆ, ಎತ್ತರವನ್ನೂ ಹಾಗೆಯೇ. ಅತಿ ಕಡಿಮೆ ಬಂದದ್ದು 600 ಮತ್ತು 1200 ಮಿ.ಮೀ. ಸುತ್ತಲೂ 5 ಮಿ.ಮೀ. ಸಂದು ಬೇಕಾದ್ದರಿಂದ ಗಾಜಿನ ಅಳತೆ 590 × 1190. ಕರ್ಣಗಳಲ್ಲಿ ಎಡ ಪಡಿಗೆ 4 ಮಿ.ಮೀ. ವ್ಯತ್ಯಾಸ ಬಂತು, ಪಡಿ ವಾಲಿದೆ ಎಂಬುದಕ್ಕೆ ಅದು ಸಾಕ್ಷಿ. ದಪ್ಪ 5-12-5, ಎರಡೂ ಗಾಜು ಟಫನ್ ಮಾಡಿದವು. ಬೆಂಗಳೂರಿನ ಒಂದು ತಯಾರಿಕಾ ಘಟಕಕ್ಕೆ ಆರ್ಡರ್ ಕೊಟ್ಟೆ: ಒಂದಕ್ಕೆ 2,650 ರೂಪಾಯಿ, ಎರಡರ ಸಾಗಣೆಗೆ 800.

1 ಡಿಸೆಂಬರ್, ಭಾನುವಾರ: ಒಳಕ್ಕೆ ಬಾಗಿದ ಗಾಜು

ಶಿರಾಡಿ ಘಾಟಿ ಇಳಿದು ಬಂದ ಗಾಜುಗಳನ್ನು ಗೋಡೆಗೆ ಒರಗಿಸಿದಾಗ ಅಂಗಳದ ತೆಂಗಿನ ಮರದ ಬಿಂಬ ಸೊಂಟದಲ್ಲಿ ಸಪೂರವಾಗಿ ಕಂಡಿತು. ಉಕ್ಕಿನ ನೇರಪಟ್ಟಿಯನ್ನು ಅಡ್ಡ ಹಿಡಿದರೆ ನಡುವೆ ಒಂದು ಮಿ.ಮೀ.ಗಿಂತ ಸ್ವಲ್ಪ ಹೆಚ್ಚು ಸಂದು; ಎರಡೂ ಗಾಜುಗಳು, ಎರಡೂ ಮುಖಗಳು ಹಾಗೆಯೇ. ದೋಷಯುಕ್ತ ಮಾಲು ಬಂತೆಂದು ಮೊದಲು ಬೇಸರವಾಯಿತು. ಯೋಚಿಸಿದಾಗ ಕಾರಣ ತಿಳಿಯಿತು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಅಲ್ಲಿನ ವಾಯುಒತ್ತಡ ಇಲ್ಲಿಗಿಂತ ಸುಮಾರು ಹತ್ತನೇ ಒಂದು ಭಾಗ ಕಡಿಮೆ. ಅಲ್ಲಿನ ತೆಳು ಗಾಳಿಯನ್ನು ಒಳಗಿಟ್ಟು ಬಿಗಿದ ಗಾಜನ್ನು ಕಡಲತಡಿಗೆ ತಂದರೆ ಹೊರಗಿನ ಗಾಳಿ ಅದನ್ನು ಎರಡೂ ಕಡೆಯಿಂದ ಒತ್ತುತ್ತದೆ.

59 ಸೆಂ.ಮೀ. ಅಗಲದ ಟಫನ್ ಗಾಜು ಇಷ್ಟು ಬಾಗಿ ತಡೆದುಕೊಳ್ಳುತ್ತದೆ. ಚಿಂತೆ ಇರುವುದು ಸ್ನಾನದ ಮನೆಯ 30 ಸೆಂ.ಮೀ. ಅಗಲದ ಗಾಜುಗಳ ಬಗ್ಗೆ. ಚಿಕ್ಕ ಗಾಜು ಸುಲಭಕ್ಕೆ ಬಾಗುವುದಿಲ್ಲ, ಬಾಗದಿದ್ದರೆ ಆ ಒತ್ತಡವೆಲ್ಲ ಅಂಚಿನ ಅಂಟಿನ ಮೇಲೆ ಬೀಳುತ್ತದೆ. ಗಾಜಿನ ಅಂಚಿನಲ್ಲಿ ಸಣ್ಣ ಉಸಿರುನಳಿಕೆ ಇಟ್ಟು ಕಳಿಸಿದರೆ ದಾರಿಯಲ್ಲಿ ಒಳಗಿನ ಒತ್ತಡ ಸಮವಾಗುತ್ತದೆ. ಇಲ್ಲಿ ತಲುಪಿದ ಕೂಡಲೇ ನಳಿಕೆಯನ್ನು ಅಮುಕಿ, ಬ್ಯುಟೈಲಿನಿಂದ ಮುಚ್ಚಬೇಕು. ಆರ್ಡರ್ ಕೊಡುವಾಗ ಇದು ನನಗೆ ತಿಳಿದಿರಲಿಲ್ಲ. ಘಟ್ಟದ ಮೇಲಿನಿಂದ ಜೋಡಿ ಗಾಜು ತರಿಸುವ ಕರಾವಳಿಯ ಪ್ರತಿಯೊಬ್ಬರೂ ಮೊದಲೇ ಕೇಳಿ ಬರೆಸಿಕೊಳ್ಳಬೇಕಾದ ಸಂಗತಿ ಇದು.

8 ಮತ್ತು 15 ಡಿಸೆಂಬರ್: ಕೂರಿಸಿದ್ದು, ತೆಗೆದದ್ದು, ಮತ್ತೆ ಕೂರಿಸಿದ್ದು

ಮಲೆಯ ಕಡೆಯಿಂದ ಒಣಗಾಳಿ ಬೀಸುವ ಡಿಸೆಂಬರ್ ಬೆಳಗು ಈ ಕೆಲಸಕ್ಕೆ ಅನುಕೂಲ. ಕಾಲುವೆಗಳು ಪೂರ್ತಿ ಒಣಗಿದ್ದವು. ಗಾಜಿನ ಕೆಳಗೆ 24 ಮಿ.ಮೀ. ಅಗಲ, 100 ಮಿ.ಮೀ. ಉದ್ದ, ಒಟ್ಟು 5 ಮಿ.ಮೀ. ದಪ್ಪದ ಬಿಲ್ಲೆಗಳನ್ನು ಮೂಲೆಯಿಂದ 75 ಮಿ.ಮೀ. ಒಳಗೆ, ಸೀಳು ಮುಚ್ಚದಂತೆ ಇಟ್ಟೆ. ಬಿಲ್ಲೆ ಗಾಜಿನ ಒಟ್ಟು ದಪ್ಪಕ್ಕಿಂತ ಅಗಲ ಇರಬೇಕು. ಇಲ್ಲವಾದರೆ ಒಂದು ಗಾಜು ಮಾತ್ರ ಆಧಾರದ ಮೇಲೆ ಕೂತು ಇನ್ನೊಂದು ತೂಗಾಡುತ್ತದೆ.

ಬದಿಯ ಬಿಲ್ಲೆಗಳಲ್ಲಿ ನಾನು ತಪ್ಪು ಮಾಡಿದೆ. ತೆರೆಯುವ ಪಡಿಯ ಭಾರ ತಿರುಗಣಿ ಇರುವ ಬದಿಯ ಕೆಳಮೂಲೆಗೆ ಇಳಿಯಬೇಕು. ಅದಕ್ಕಾಗಿ ಆ ಕೆಳಮೂಲೆಯಲ್ಲೂ ಅದಕ್ಕೆ ಕರ್ಣವಾಗಿ ಹಿಡಿಕೆಯ ಬದಿಯ ಮೇಲ್ಮೂಲೆಯಲ್ಲೂ ಬಿಲ್ಲೆ ಬಿಗಿಯಾಗಿ, ಗಾಜೇ ಪಡಿಗೆ ಊರೆಗೋಲಾಗಬೇಕು. ನಾನು ಅದನ್ನು ತಿರುಗುಮುರುಗಾಗಿ ಇಟ್ಟೆ. ಬೀಡಿಂಗ್ ಹೊಡೆದು ಪಡಿ ಮುಚ್ಚಿದರೆ ಹಿಡಿಕೆಯ ಮೂಲೆ 3 ಮಿ.ಮೀ. ಇಳಿದು ಚೌಕಟ್ಟಿಗೆ ಉಜ್ಜಿತು. ಒಂದು ವಾರ ಹಾಗೆಯೇ ಬಿಟ್ಟು, 15ರಂದು ಮತ್ತೆ ಬಿಚ್ಚಿದೆ.

ಆಗಲೇ ಪಡಿಯನ್ನು ಚೌಕಟ್ಟಿಗೆ ಹಿಡಿದಿಡುವ ಲೋಹದ ತೋಳುಗಳನ್ನೂ ಬದಲಾಯಿಸಿದೆ. ನಿಜವಾಗಿ ಇದನ್ನು ಗಾಜು ಹಾಕುವ ಮೊದಲೇ ಮಾಡಬೇಕಿತ್ತು. ಹಳೆಯ ತೋಳುಗಳು ಸ್ಟೇನ್‌ಲೆಸ್ ಆಗಿದ್ದರೂ ಅವನ್ನು ಬಿಗಿದ ಸ್ಕ್ರೂಗಳು ಬರಿಯ ಸತುಲೇಪಿತ ಕಬ್ಬಿಣದವು. ಉಪ್ಪುಗಾಳಿಗೆ ತಲೆಗಳು ತಿಂದುಹೋಗಿ, ತಿರುಗಿಸಿದರೆ ಪುಡಿಯಾದವು. ಹನ್ನೆರಡರಲ್ಲಿ ಐದು ಮುರಿದವು. ಮುರಿದವನ್ನು ತೆಗೆಯಲು ಹೋಗದೆ, 10 ಮಿ.ಮೀ. ಪಕ್ಕದಲ್ಲಿ 3.2 ಮಿ.ಮೀ. ಬಿಟ್‌ನಿಂದ ಹೊಸ ತೂತು ಕೊರೆದೆ. ಹೊಸ ತೋಳೂ ಸ್ಕ್ರೂಗಳೂ 316 ದರ್ಜೆಯ ಸ್ಟೇನ್‌ಲೆಸ್. ಜೋಡಿಗೆ 1,150 ರೂಪಾಯಿ. ಕಡಲಿಗೆ ಇಷ್ಟು ಹತ್ತಿರವಿರುವ ಮನೆಗೆ ಸಾಮಾನ್ಯವಾಗಿ ಸಿಗುವ 304 ದರ್ಜೆಯ ಸ್ಟೇನ್‌ಲೆಸ್ ಸಾಲದು. ತಿರುಗಣಿಗೆ ತೆಂಗಿನೆಣ್ಣೆ ಬಿಡುವ ನಮ್ಮ ಮನೆಯ ರೂಢಿಯನ್ನೂ ನಿಲ್ಲಿಸಿದೆ. ಅದಕ್ಕೆ ಮರಳೂ ಉಪ್ಪೂ ಅಂಟಿ ಅರೆಯುವ ಕಲ್ಲಾಗುತ್ತದೆ. ಸಿಹಿನೀರಿನಿಂದ ತೊಳೆದು, ಒಣಗಿಸಿ, ಸಿಲಿಕಾನ್ ಸ್ಪ್ರೇ ಹಾಕುತ್ತೇನೆ.

ಬಿಲ್ಲೆಗಳನ್ನು ಸರಿಯಾದ ಕರ್ಣಕ್ಕೆ ಬಿಗಿದ ಮೇಲೆ ಎಡ ಪಡಿಯ ಕರ್ಣಗಳ ವ್ಯತ್ಯಾಸ 4 ರಿಂದ 1 ಮಿ.ಮೀ.ಗೆ ಇಳಿಯಿತು. ಹಿಡಿಕೆ ಎರಡು ಬೆರಳಿಗೆ ತಿರುಗಿತು.

5 ಜನವರಿ 2025, ಭಾನುವಾರ: ಚಾವಡಿಯ ಜಾರು ಕಿಟಕಿ

ಇದು ಅರ್ಧ ದಿನದ ಕೆಲಸ. ಪಡಿಗಳನ್ನು ಎತ್ತಿ ತೆಗೆದು ನೋಡಿದರೆ ನಾಲ್ಕು ಗಾಲಿಗಳಲ್ಲಿ ಮೂರು ತಿರುಗದೆ ಚಪ್ಪಟೆಯಾಗಿದ್ದವು; ಒಂದಕ್ಕೆ 180 ರೂಪಾಯಿಯಂತೆ ನಾಲ್ಕನ್ನೂ ಬದಲಾಯಿಸಿದೆ. ಹಳಿಯ ಸೀಳುಗಳಲ್ಲಿ ಕಂಬಳಿಹುಳದ ಗೂಡುಗಳೂ ಮರಳೂ ತುಂಬಿದ್ದವು. ಪಡಿಯ ಅಂಚಿನ ಸಂದು ಮುಚ್ಚುವ ಕುಚ್ಚುಪಟ್ಟಿ ಸವೆದಿತ್ತು, ಆರು ಮೀಟರ್ ಹೊಸದಾಗಿ ತೂರಿಸಿದೆ. ರಸಮಟ್ಟ ಇಟ್ಟಾಗ ಹಳಿ ಒಳಬದಿಗೆ 2 ಮಿ.ಮೀ. ವಾಲಿದ್ದು ತಿಳಿಯಿತು; ಅದನ್ನು ಸರಿಪಡಿಸಲು ಚೌಕಟ್ಟನ್ನೇ ಕಿತ್ತು ಕೂರಿಸಬೇಕು. ಅದಕ್ಕೆ ಕೈಹಾಕಲಿಲ್ಲ.

ಖರ್ಚು

ಗಾಜು 5,300, ಸಾಗಣೆ 800, ತೋಳು ಎರಡು ಜೋಡಿ 2,300, ಗ್ಯಾಸ್ಕೆಟ್ 240, ನ್ಯೂಟ್ರಲ್ ಸಿಲಿಕಾನ್ ಎರಡು ಟ್ಯೂಬ್ 660, ಬಿಲ್ಲೆಗಳು 120, ಹೀರುಬಟ್ಟಲು 900, ಗಾಲಿ 720, ಕುಚ್ಚುಪಟ್ಟಿ 120, ಸಹಾಯಕರ ಕೂಲಿ 1,800. ಒಟ್ಟು 12,960 ರೂಪಾಯಿ. ಒಡೆದ ಬೀಡಿಂಗಿನ ಬದಲಿಗೆ ಕೊಟ್ಟ ತುಂಡಿಗೆ ಆ ಕಿಟಕಿ ತಯಾರಕರು ಹಣ ತೆಗೆದುಕೊಳ್ಳಲಿಲ್ಲ.

ಮೇ ಕೊನೆಯ ವಾರ 2025: ಮೊದಲ ಮಳೆ

ಈ ವರ್ಷ ಮಳೆಗಾಲ ಮೇ ಕೊನೆಯ ವಾರದಲ್ಲೇ ಹಿಡಿಯಿತು. ಮೊದಲ ಬಿರುಮಳೆಯ ರಾತ್ರಿ ಟಾರ್ಚ್ ಹಿಡಿದು ಕಿಟಕಿಯ ಬಳಿ ಒಂದು ಗಂಟೆ ಕೂತೆ. ಹೊರ ಸೀಳಿನ ಮುಚ್ಚಳದಿಂದ ನೀರು ಎಡೆಬಿಡದೆ ಹೊರಗೆ ಇಳಿಯುತ್ತಿತ್ತು. ಗಾಳಿಯ ಹೊಡೆತ ಬಂದಾಗ ನಾಲಗೆ ಮುಚ್ಚಿಕೊಂಡು, ಗಾಳಿ ಸರಿದಾಗ ಮತ್ತೆ ತೆರೆಯುತ್ತಿತ್ತು. ಒಳಗೆ ಹನಿ ಬರಲಿಲ್ಲ. ಚಿಮಣಿ ಹಾಕಿಸಿ ನೋಡಿದೆ; ಗುಳ್ಳೆ ಏಳಲಿಲ್ಲ. ಚಾವಡಿಯ ಜಾರು ಕಿಟಕಿಯಲ್ಲಿ ಮಾತ್ರ ಹಳಿ ವಾಲಿದ ಕಡೆ ಒಂದು ಚಮಚದಷ್ಟು ನೀರು ಒಳಗೆ ನಿಂತಿತ್ತು.

17 ಆಗಸ್ಟ್ 2025, ಭಾನುವಾರ

ತುಳುನಾಡಿನ ಆಟಿ ತಿಂಗಳ ಮಳೆ ಮುಗಿಯಿತು. ಬಲ ಪಡಿಯ ಕೆಳಗಿನ ಬೀಡಿಂಗ್ ಒಂದನ್ನೇ ನಡುವಿನಿಂದ ಬಿಡಿಸಿ ನೋಡಿದೆ. ಕಾಲುವೆ ಒದ್ದೆಯಾಗಿತ್ತು, ನೀರು ನಿಂತಿರಲಿಲ್ಲ. ಅಂಚಿನ ಪಾಲಿಸಲ್ಫೈಡಿಗೆ ಉಗುರು ಒತ್ತಿದೆ, ಗಟ್ಟಿಯಾಗಿದೆ. ಎರಡೂ ಗಾಜುಗಳು ಬೆಳಗ್ಗೆಯೂ ತಿಳಿಯಾಗಿವೆ. ಸ್ನಾನದ ಮನೆಯ ಎರಡು ಗಾಜುಗಳಿಗೆ 300 × 450 ಅಳತೆಯನ್ನು ಉಸಿರುನಳಿಕೆ ಸಹಿತ ಎಂದು ಬರೆದು ಕಳಿಸಿದ್ದೇನೆ. ಮಳೆ ಪೂರ್ತಿ ನಿಂತ ಮೇಲೆ, ನವೆಂಬರಿನಲ್ಲಿ ಅವನ್ನು ಕೂರಿಸುತ್ತೇನೆ.